ವೇಳಾಪಟ್ಟಿ ಇಲ್ಲದ ಒಂದು ತಿಂಗಳು

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ಕುಟುಂಬಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಬಗೆಯವರು ಶಾಲೆಯನ್ನೇ ಮನೆಗೆ ತರುತ್ತಾರೆ: ಒಂಬತ್ತಕ್ಕೆ ಗಣಿತ, ಹತ್ತಕ್ಕೆ ಭಾಷೆ, ಶುಕ್ರವಾರ ಪರೀಕ್ಷೆ. ಇನ್ನೊಂದು ಬಗೆಯವರ ಮನೆಯಲ್ಲಿ ಪಠ್ಯಪುಸ್ತಕ, ವೇಳಾಪಟ್ಟಿ, ಅಂಕಪಟ್ಟಿ ಯಾವುದೂ ಇರುವುದಿಲ್ಲ. ಮಗು ಏನನ್ನು ಕೇಳುತ್ತದೋ, ಯಾವುದರಲ್ಲಿ ಮುಳುಗುತ್ತದೋ ಅದೇ ಆ ಹೊತ್ತಿನ ಪಾಠ. ಅಮೆರಿಕದಲ್ಲಿ ಇದನ್ನು ಅನ್‌ಸ್ಕೂಲಿಂಗ್ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ ಸ್ವಾಯತ್ತ ಶಿಕ್ಷಣ ಎಂಬ ಹೆಸರೂ ಬಳಕೆಯಲ್ಲಿದೆ. ಇಂಥ ಮನೆಯನ್ನು ಒಂದು ದಿನ ನೋಡಿದವರಿಗೆ ರಜೆಯಂತೆ ಕಾಣುತ್ತದೆ, ಒಂದು ವಾರ ನೋಡಿದವರಿಗೆ ಬರೀ ಗೊಂದಲವಾಗಿ ಕಾಣುತ್ತದೆ. ಅಲ್ಲಿ ಏನಾದರೂ ಕಲಿಕೆ ನಡೆಯುತ್ತಿದೆಯೇ ಎಂದು ಹೇಳಬೇಕಾದರೆ ಕಡೇಪಕ್ಷ ಒಂದು ತಿಂಗಳು ಕಾದು ಹಿಂತಿರುಗಿ ನೋಡಬೇಕು.

ಈ ಪದ್ಧತಿ ಇಂಗ್ಲೆಂಡಿನಲ್ಲಿ ಬೇರೂರಿರುವುದಕ್ಕೆ ಅಲ್ಲಿನ ಕಾನೂನೇ ಕಾರಣ. 1944ರ ಶಿಕ್ಷಣ ಕಾಯ್ದೆ ಮಗುವಿಗೆ ಶಿಕ್ಷಣ ಕೊಡಿಸುವ ಹೊಣೆಯನ್ನು ತಂದೆತಾಯಿಯ ಮೇಲೆ ಹೊರಿಸಿತು. ಆ ಹೊಣೆಯನ್ನು ಶಾಲೆಗೆ ಕಳಿಸಿ ತೀರಿಸಬಹುದು, ಬೇರೆ ರೀತಿಯಲ್ಲೂ ತೀರಿಸಬಹುದು ಎಂದು ಅವರ ಆಯ್ಕೆಗೇ ಬಿಟ್ಟಿತು. 1996ರ ಕಾಯ್ದೆಯ 7ನೇ ಕಲಂ ಇದನ್ನೇ ಉಳಿಸಿಕೊಂಡಿದೆ. ಶಿಕ್ಷಣ ಪೂರ್ಣಾವಧಿಯದಾಗಿರಬೇಕು, ಮಗುವಿನ ವಯಸ್ಸು, ಸಾಮರ್ಥ್ಯ, ಒಲವಿಗೆ ತಕ್ಕುದಾಗಿರಬೇಕು, ವಿಶೇಷ ಅಗತ್ಯಗಳಿದ್ದರೆ ಅವಕ್ಕೂ ಒದಗಬೇಕು. ರಾಷ್ಟ್ರೀಯ ಪಠ್ಯಕ್ರಮವನ್ನು ಅನುಸರಿಸಬೇಕಿಲ್ಲ, ಇಷ್ಟೇ ಗಂಟೆ ಎಂಬ ಲೆಕ್ಕವಿಲ್ಲ, ತಂದೆತಾಯಿ ಶಿಕ್ಷಕ ತರಬೇತಿ ಪಡೆದಿರಬೇಕೆಂದೂ ಇಲ್ಲ. ಎಲ್ಲ ದೇಶಗಳೂ ಇಷ್ಟು ಉದಾರವಾಗಿಲ್ಲ. ಜರ್ಮನಿಯಲ್ಲಿ ಮನೆಶಿಕ್ಷಣಕ್ಕೆ ಬಹುಮಟ್ಟಿಗೆ ಅವಕಾಶವೇ ಇಲ್ಲ. ಪಕ್ಕದ ಸ್ಕಾಟ್‌ಲೆಂಡಿನಲ್ಲಿ ಸರ್ಕಾರಿ ಶಾಲೆಯಿಂದ ಮಗುವನ್ನು ಬಿಡಿಸಲು ಸ್ಥಳೀಯ ಆಡಳಿತದ ಒಪ್ಪಿಗೆ ಬೇಕು.

ಆದರೆ ಪಠ್ಯವೇ ಇಲ್ಲದ ಶಿಕ್ಷಣ ಶಿಕ್ಷಣವೇ? ಈ ಪ್ರಶ್ನೆ 1981ರಲ್ಲಿ ವುಸ್ಟರ್ ನಗರದ ನ್ಯಾಯಾಲಯದ ಮುಂದೆ ಬಂತು. ಹ್ಯಾರಿಸನ್ ದಂಪತಿ ತಮ್ಮ ಮಕ್ಕಳಿಗೆ ಯಾವುದೇ ಪಾಠಕ್ರಮವಿಲ್ಲದೆ, ಅವರ ಆಸಕ್ತಿಯ ಜಾಡಿನಲ್ಲೇ ಕಲಿಯಲು ಬಿಟ್ಟಿದ್ದರು. ಶಿಕ್ಷಣ ತಾನು ಹಾಕಿಕೊಂಡ ಗುರಿಯನ್ನು ಮುಟ್ಟಿದರೆ ಅದು ಪರಿಣಾಮಕಾರಿ; ಇಂದಿನ ಸಮಾಜದಲ್ಲಿ ಬಾಳಲು ಮಗುವನ್ನು ಅಣಿಗೊಳಿಸಿ, ಅದರ ಶಕ್ತಿ ಪೂರ್ತಿ ಅರಳಲು ಅವಕಾಶ ಕೊಟ್ಟರೆ ಅದು ತಕ್ಕುದು ಎಂಬ ವ್ಯಾಖ್ಯಾನ ಆ ಪ್ರಕರಣದಿಂದ ಬಂತು. ಅದಕ್ಕೂ ಒಂದು ವರ್ಷ ಮೊದಲು ಇನ್ನೊಂದು ಪ್ರಕರಣದಲ್ಲಿ ಮೇಲಿನ ನ್ಯಾಯಾಲಯ ಬೇರೊಂದು ಮಾತು ಹೇಳಿತ್ತು: ಮನೆಯಲ್ಲಿ ಏನು ಕಲಿಸುತ್ತಿದ್ದೀರಿ ಎಂದು ಸ್ಥಳೀಯ ಆಡಳಿತ ಕೇಳಬಹುದು, ಉತ್ತರಿಸಲೇಬೇಕೆಂಬ ಕಟ್ಟಳೆ ಇಲ್ಲದಿದ್ದರೂ ಉತ್ತರಿಸುವುದು ಜಾಣತನ. ಈ ಎರಡು ಮಾತುಗಳ ನಡುವಿನ ಜಾಗದಲ್ಲೇ ಅಲ್ಲಿನ ಸ್ವಾಯತ್ತ ಶಿಕ್ಷಣ ಉಸಿರಾಡುತ್ತ ಬಂದಿದೆ.

ಚಿಂತನೆಯ ಬೇರು ಮಾತ್ರ ಅಮೆರಿಕದ್ದು. ಜಾನ್ ಹೋಲ್ಟ್ ಎಂಬ ಶಾಲಾ ಶಿಕ್ಷಕ 1964ರಲ್ಲಿ ‘ಹೌ ಚಿಲ್ಡ್ರನ್ ಫೇಲ್’, 1967ರಲ್ಲಿ ‘ಹೌ ಚಿಲ್ಡ್ರನ್ ಲರ್ನ್’ ಪುಸ್ತಕಗಳನ್ನು ಬರೆದ. ತರಗತಿಯಲ್ಲಿ ಮಕ್ಕಳು ಕಲಿಯುವುದು ವಿಷಯವನ್ನಲ್ಲ, ತಪ್ಪು ಉತ್ತರದ ಅವಮಾನದಿಂದ ತಪ್ಪಿಸಿಕೊಳ್ಳುವ ಉಪಾಯಗಳನ್ನು ಎಂಬುದು ಅವನ ಮುಖ್ಯ ಆಕ್ಷೇಪ. ಮೊದಮೊದಲು ಶಾಲೆಗಳನ್ನು ತಿದ್ದಬಹುದೆಂದು ನಂಬಿದ್ದ ಹೋಲ್ಟ್, ಆ ಆಸೆ ಬಿಟ್ಟು 1977ರಲ್ಲಿ ‘ಗ್ರೋಯಿಂಗ್ ವಿದೌಟ್ ಸ್ಕೂಲಿಂಗ್’ ಎಂಬ ಪುಟ್ಟ ಪತ್ರಿಕೆ ಆರಂಭಿಸಿದ. ಅದೇ ವರ್ಷ ಇಂಗ್ಲೆಂಡಿನಲ್ಲಿ ಮನೆಶಿಕ್ಷಣದ ಕುಟುಂಬಗಳು ಸೇರಿ ‘ಎಜುಕೇಷನ್ ಅದರ್‌ವೈಸ್’ ಸಂಸ್ಥೆ ಕಟ್ಟಿಕೊಂಡವು.

ಇನ್ನು ತಿಂಗಳ ಮಾತು. ಇಂಗ್ಲೆಂಡಿನ ಒಂದು ಸಣ್ಣ ಪಟ್ಟಣದಲ್ಲಿ ಎಂಟು ಮತ್ತು ಹನ್ನೊಂದು ವರ್ಷದ ಇಬ್ಬರು ಮಕ್ಕಳಿರುವ ಮನೆ ಎಂದುಕೊಳ್ಳೋಣ, ತಿಂಗಳು ಅಕ್ಟೋಬರ್. ಚಿಕ್ಕವಳು ಶಾಲೆಯ ಮುಖ ನೋಡಿಲ್ಲ. ದೊಡ್ಡವನು ಕೆಲ ವರ್ಷ ಹೋಗಿ, ಈ ಬೇಸಿಗೆಯಲ್ಲಿ ಬಿಟ್ಟಿದ್ದಾನೆ. ಇವರಿಬ್ಬರ ತಿಂಗಳು ಒಂದೇ ರೀತಿ ಇರುವುದಿಲ್ಲ. ಶಾಲೆ ಬಿಟ್ಟ ಮಗುವಿಗೆ ಶಾಲೆಯ ಅಭ್ಯಾಸಗಳಿಂದ ಬಿಡಿಸಿಕೊಳ್ಳಲು ಹೊತ್ತು ಬೇಕು. ಕಲಿತ ಪ್ರತಿ ವರ್ಷಕ್ಕೆ ಒಂದು ತಿಂಗಳು ಎಂಬ ಲೆಕ್ಕ ಈ ಕುಟುಂಬಗಳ ನಡುವೆ ಬಾಯಿಂದ ಬಾಯಿಗೆ ಹರಡಿದೆ. ಅದಕ್ಕೆ ಸಂಶೋಧನೆಯ ಆಧಾರವೇನೂ ಇಲ್ಲ, ಅಪ್ಪ ಅಮ್ಮ ಗಾಬರಿ ಬೀಳದಿರಲಿ ಎಂದು ಹುಟ್ಟಿಕೊಂಡ ಸಮಾಧಾನದ ಸೂತ್ರ ಅದು. ಆ ಅವಧಿಯಲ್ಲಿ ಹುಡುಗ ತಡವಾಗಿ ಏಳುತ್ತಾನೆ, ಕಂಪ್ಯೂಟರಿನಲ್ಲಿ ಮೈನ್‌ಕ್ರಾಫ್ಟ್ ಎಂಬ ಕಟ್ಟುವ ಆಟ ಆಡುತ್ತಾನೆ, ಏನು ಕೇಳಿದರೂ ಬೇಜಾರು ಎನ್ನುತ್ತಾನೆ. ಯಾರಾದರೂ ಪುಸ್ತಕ ಮುಂದಿಟ್ಟರೆ ‘ಇದನ್ನು ಓದಲೇಬೇಕಾ?’ ಎಂಬುದೇ ಅವನ ಮೊದಲ ಪ್ರಶ್ನೆ. ತಿಂಗಳಿನ ಮೊದಲ ಭಾಗ ದೊಡ್ಡವರ ತಾಳ್ಮೆಯ ಪರೀಕ್ಷೆಯಲ್ಲೇ ಕಳೆದುಹೋಗುತ್ತದೆ.

ಚಿಕ್ಕವಳ ಜಾಡು ಬೇರೆ. ಅಕ್ಟೋಬರ್ ಅಲ್ಲಿ ಸೇಬಿನ ಕಾಲ. ಹಿತ್ತಿಲಲ್ಲಿ, ಪಕ್ಕದ ಮನೆಯ ಬೇಲಿಯ ಆಚೆ, ದಾರಿ ಬದಿಯಲ್ಲಿ ಹಣ್ಣು ಬಿದ್ದಿರುತ್ತದೆ. ಸೇಬು ಕಚ್ಚುತ್ತ ಮಗು ಕೇಳುತ್ತದೆ: ಈ ಬೀಜ ನೆಟ್ಟರೆ ಇದೇ ಸೇಬು ಬರುತ್ತದೆಯೇ? ಮಾವಿನ ಓಟೆಯ ವಿಷಯದಲ್ಲಿ ನಮ್ಮ ಹಳ್ಳಿಯ ಮಕ್ಕಳೂ ಕೇಳುವ ಪ್ರಶ್ನೆಯೇ ಇದು. ಉತ್ತರ, ಬರುವುದಿಲ್ಲ. ಪರಾಗಸ್ಪರ್ಶದಲ್ಲಿ ಇನ್ನೊಂದು ಮರದ ಪಾಲೂ ಸೇರಿರುವುದರಿಂದ ಪ್ರತಿ ಬೀಜವೂ ಹೊಸ ಜೀವ; ಅದೇ ಹಣ್ಣು ಬೇಕಾದರೆ ಕಸಿ ಕಟ್ಟಬೇಕು. ಅಡುಗೆಗೆ ಇಂಗ್ಲೆಂಡಿನವರು ಬಳಸುವ ಬ್ರ್ಯಾಮ್ಲಿ ಸೇಬಿನ ಕಥೆ ಇಲ್ಲಿ ತಾನಾಗಿ ಬರುತ್ತದೆ. 1809ರಲ್ಲಿ ನಾಟಿಂಗ್‌ಹ್ಯಾಂಶೈರಿನ ಸೌತ್‌ವೆಲ್ ಊರಿನಲ್ಲಿ ಮೇರಿ ಆ್ಯನ್ ಬ್ರೇಲ್ಸ್‌ಫರ್ಡ್ ಎಂಬ ಬಾಲಕಿ ನೆಟ್ಟ ಬೀಜಗಳಿಂದ ಆ ಮರ ಹುಟ್ಟಿತು. ಇವತ್ತು ಅಂಗಡಿಯಲ್ಲಿ ಸಿಗುವ ಬ್ರ್ಯಾಮ್ಲಿ ಹಣ್ಣುಗಳೆಲ್ಲ ಆ ಒಂದು ಮರದಿಂದ ಕಸಿಯ ಮೂಲಕ ಹಬ್ಬಿದವು. ಹೆಸರು ಮಾತ್ರ ಮುಂದೆ ಆ ಮರವಿದ್ದ ಮನೆ ಕೊಂಡವನದು ಬಂತು, ಹುಡುಗಿಯದಲ್ಲ. ಈ ಅನ್ಯಾಯ ಎಂಟು ವರ್ಷದವಳನ್ನು ಕಸಿಯ ವಿಜ್ಞಾನಕ್ಕಿಂತ ಹೆಚ್ಚು ಕೆರಳಿಸಿದರೆ ಆಶ್ಚರ್ಯವಿಲ್ಲ. ಆಗ ಮಾತು ಗಿಡದಿಂದ ಮನೆ, ಆಸ್ತಿ, ಹೆಣ್ಣುಮಕ್ಕಳ ಹಕ್ಕುಗಳ ಕಡೆಗೆ ಹೊರಳುತ್ತದೆ.

ಅದೇ ಎಳೆ ತಿಂಗಳಿಡೀ ಓಡಬಹುದು. ಸೇಬಿನ ಕಡುಬು ಮಾಡುವಾಗ ನಾಲ್ಕು ಜನರ ಅಳತೆಯನ್ನು ಆರು ಜನಕ್ಕೆ ಹಿಗ್ಗಿಸಬೇಕು, ಅಂದರೆ ಒಂದೂವರೆ ಪಟ್ಟು. ಭಿನ್ನರಾಶಿ ತಕ್ಕಡಿಯ ಮೇಲೆ ಬರುತ್ತದೆ. ಹೆಚ್ಚಿಟ್ಟ ಸೇಬು ಕಂದಾಗುವುದೇಕೆ, ನಿಂಬೆರಸ ಹಿಂಡಿದರೆ ಏಕೆ ಆಗುವುದಿಲ್ಲ ಎಂಬ ಪ್ರಶ್ನೆ ಅಡುಗೆಮನೆಯಲ್ಲೇ ಹುಟ್ಟಿ ಅಲ್ಲೇ ಪರೀಕ್ಷೆಗೊಳಗಾಗುತ್ತದೆ. ಅಕ್ಟೋಬರ್ 21ರ ಸುಮಾರಿಗೆ ಊರೂರುಗಳಲ್ಲಿ ಸೇಬಿನ ದಿನ ನಡೆಯುತ್ತದೆ. 1990ರಲ್ಲಿ ‘ಕಾಮನ್ ಗ್ರೌಂಡ್’ ಎಂಬ ಸಂಸ್ಥೆ ಲಂಡನ್ನಿನಲ್ಲಿ ಆರಂಭಿಸಿದ ಆಚರಣೆ ಇದು. ಕೆಂಟ್ ಜಿಲ್ಲೆಯ ಬ್ರಾಗ್‌ಡೇಲಿನ ರಾಷ್ಟ್ರೀಯ ಹಣ್ಣಿನ ಸಂಗ್ರಹದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸೇಬಿನ ತಳಿಗಳಿವೆ. ಅಂಗಡಿಯ ಕಪಾಟಿನಲ್ಲಿ ಮಾತ್ರ ಐದಾರು. ಉಳಿದವು ಎಲ್ಲಿ ಹೋದವು ಎಂದು ಮಗು ಕೇಳಿದರೆ ಅದು ಅರ್ಥಶಾಸ್ತ್ರದ ಪಾಠ.

ಇಷ್ಟನ್ನು ಓದಿ ಎಲ್ಲ ಸಲೀಸಾಗಿ ನಡೆಯುತ್ತದೆ ಎಂದುಕೊಳ್ಳಬಾರದು. ಸೇಬಿನಿಂದ ಕಸಿಗೆ, ಕಸಿಯಿಂದ ಆಸ್ತಿ ಹಕ್ಕಿಗೆ ದಾರಿ ತೆರೆಯಬೇಕಾದರೆ ಪಕ್ಕದಲ್ಲಿ ಬಿಡುವುಳ್ಳ, ಕುತೂಹಲವುಳ್ಳ ದೊಡ್ಡವರೊಬ್ಬರು ಇರಬೇಕು. ಮಗುವೇ ಮುಂದಾಳು ಎಂದ ಮಾತ್ರಕ್ಕೆ ದೊಡ್ಡವರು ಕೈಕಟ್ಟಿ ಕೂರುವುದಲ್ಲ. ಗ್ರಂಥಾಲಯದಿಂದ ಪುಸ್ತಕ ತಂದು ಮೇಜಿನ ಮೇಲೆ ಸುಮ್ಮನೆ ಬಿಟ್ಟಿರುವುದು, ಭೂಪಟವನ್ನು ಊಟದ ಕೋಣೆಯ ಗೋಡೆಗೆ ಅಂಟಿಸುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿ ಒಟ್ಟಿಗೆ ಹುಡುಕುವುದು, ಎಲ್ಲಕ್ಕಿಂತ ಮುಖ್ಯವಾಗಿ ಮಗು ನಿಲ್ಲಿಸಿದಾಗ ತಾವೂ ನಿಲ್ಲಿಸುವುದು ಅವರ ಕೆಲಸ. ಈ ಕೊನೆಯದೇ ಬಲು ಕಷ್ಟ. ಸೇಬಿನ ಬಗ್ಗೆ ಇನ್ನಷ್ಟು ಹೇಳೋಣವೆಂದು ಅಮ್ಮ ಹುರುಪಿನಿಂದ ಹೊರಟಾಗ ಮಗಳು ಎದ್ದು ಬೆಕ್ಕಿನ ಹಿಂದೆ ಓಡುತ್ತಾಳೆ. ಪಾಠ ಎಂಬ ವಾಸನೆ ಬಂದರೆ ಸಾಕು, ಮಕ್ಕಳು ಜಾಗ ಖಾಲಿ ಮಾಡುತ್ತಾರೆ.

ಅಕ್ಟೋಬರ್ ಮೂರನೆಯ ವಾರದ ರಾತ್ರಿಗಳಲ್ಲಿ ಒರಾಯನಿಡ್ ಉಲ್ಕಾಪಾತ. ಹ್ಯಾಲಿ ಧೂಮಕೇತು ಬಿಟ್ಟುಹೋದ ಧೂಳಿನ ಹಾದಿಯನ್ನು ಭೂಮಿ ಹಾಯುವಾಗ ಕಾಣುವ ಬೆಳಕಿನ ಗೀರುಗಳು ಅವು. ಮರುದಿನ ಬೆಳಿಗ್ಗೆ ಎಂಟಕ್ಕೆ ಶಾಲಾ ಬಸ್ಸು ಹಿಡಿಯುವ ಗೊಡವೆ ಇಲ್ಲದ್ದರಿಂದ ಮಕ್ಕಳು ನಡುರಾತ್ರಿಯವರೆಗೆ ಎದ್ದಿರಬಹುದು. ಮೋಡ ಕವಿದು ಏನೂ ಕಾಣದೆಯೂ ಇರಬಹುದು, ಇಂಗ್ಲೆಂಡಿನಲ್ಲಿ ಅದೇ ಹೆಚ್ಚು. ಹ್ಯಾಲಿ ಕಳೆದ ಬಾರಿ ಬಂದದ್ದು 1986ರಲ್ಲಿ, ಮತ್ತೆ ಬರುವುದು 2061ರಲ್ಲಿ. ಆಗ ತನಗೆಷ್ಟು ವಯಸ್ಸು, ಅಮ್ಮನಿಗೆಷ್ಟು, ಅಜ್ಜಿ ಇರುತ್ತಾರೆಯೇ ಎಂದು ಎಂಟು ವರ್ಷದವಳು ಲೆಕ್ಕ ಹಾಕುತ್ತಾಳೆ. ಇಲ್ಲಿ ಕಳೆಯುವ ಲೆಕ್ಕಕ್ಕಿಂತ ದೊಡ್ಡದೇನೋ ಅವಳ ತಲೆಯಲ್ಲಿ ಓಡುತ್ತಿರುತ್ತದೆ.

ತಿಂಗಳ ಕೊನೆಯ ಭಾನುವಾರ ಬೆಳಗಿನ ಜಾವ ಎರಡು ಗಂಟೆಗೆ ಗಡಿಯಾರವನ್ನು ಒಂದಕ್ಕೆ ಹಿಂದಿಡುತ್ತಾರೆ. ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡ ಮನೆಗಳಲ್ಲಿ ಇದರ ಪರಿಣಾಮ ಕೂಡಲೇ ಗೊತ್ತಾಗುತ್ತದೆ: ಊರಿನ ಅಜ್ಜಿಗೆ ವಿಡಿಯೊ ಕರೆ ಮಾಡುವಾಗ ನಾಲ್ಕೂವರೆ ಗಂಟೆಯ ಅಂತರ ಇದ್ದದ್ದು ಐದೂವರೆಯಾಗಿರುತ್ತದೆ, ಅಜ್ಜಿ ಆಗಲೇ ನಿದ್ದೆಗೆ ಜಾರಿರುತ್ತಾರೆ. ಭಾರತದಲ್ಲಿ ಗಡಿಯಾರ ಏಕೆ ಬದಲಾಗುವುದಿಲ್ಲ, ಲಂಡನ್ನಿನಲ್ಲಿ ಚಳಿಗಾಲದ ಹಗಲು ಏಕೆ ಅಷ್ಟು ಗಿಡ್ಡ ಎಂಬುದನ್ನು ಒಂದು ಟಾರ್ಚು, ಒಂದು ಕಿತ್ತಳೆ ಹಣ್ಣು ಇದ್ದರೆ ಹತ್ತು ನಿಮಿಷದಲ್ಲಿ ತೋರಿಸಬಹುದು.

ಮಕ್ಕಳು ಮನೆಯಲ್ಲೇ ಕೂತಿರುತ್ತಾರೆ ಎಂಬುದೂ ತಪ್ಪು ಕಲ್ಪನೆ. ಮನೆಶಿಕ್ಷಣದ ಕುಟುಂಬಗಳು ಚರ್ಚಿನ ಸಭಾಂಗಣವನ್ನೋ ಕಾಡಂಚಿನ ಬಯಲನ್ನೋ ಹಿಡಿದು ವಾರಕ್ಕೊಮ್ಮೆ ಸೇರುತ್ತವೆ. ಅಲ್ಲಿ ಐದು ವರ್ಷದವರೂ ಹದಿನಾಲ್ಕರವರೂ ಒಟ್ಟಿಗೆ ಆಡುತ್ತಾರೆ. ಒಂದೇ ವಯಸ್ಸಿನ ಮೂವತ್ತು ಜನ ಒಂದೇ ಕೋಣೆಯಲ್ಲಿರುವುದು ಶಾಲೆಯಲ್ಲಿ ಬಿಟ್ಟರೆ ಬದುಕಿನಲ್ಲಿ ಬೇರೆಲ್ಲೂ ಇಲ್ಲ ಎಂಬುದು ಈ ತಂದೆತಾಯಿಗಳ ನೆಚ್ಚಿನ ವಾದ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಸೈನ್ಸ್ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ. ವಾರದ ನಡುವೆ ಮಧ್ಯಾಹ್ನ ಹೋದರೆ ಜನಜಂಗುಳಿಯೂ ಇರುವುದಿಲ್ಲ. ತಿಂಗಳ ಕೊನೆಗೆ ಶಾಲೆಗಳಿಗೆ ಒಂದು ವಾರ ನಡುರಜೆ ಬಂದಾಗ ಲೆಕ್ಕ ತಲೆಕೆಳಗು. ಮ್ಯೂಸಿಯಂಗಳು ಕಿಕ್ಕಿರಿಯುತ್ತವೆ, ಶಾಲೆಗೆ ಹೋಗದ ಮಕ್ಕಳು ಆ ವಾರ ಮನೆಯಲ್ಲೇ ಉಳಿದು, ಬಿಡುವು ಸಿಕ್ಕ ಶಾಲಾ ಗೆಳೆಯರೊಂದಿಗೆ ಆಡುತ್ತಾರೆ.

ನವೆಂಬರ್ 5ರ ಬೆಂಕಿ ಹಬ್ಬಕ್ಕೆ ಅಕ್ಟೋಬರ್ ನಡುವಿನಿಂದಲೇ ಪಟಾಕಿ ಮಾರಾಟ ಶುರು. ಆ ಹಬ್ಬಕ್ಕೆ ಮೂಲವಾದ, 1605ರಲ್ಲಿ ಸಂಸತ್ತನ್ನು ಸ್ಫೋಟಿಸಲು ಹೊರಟು ಸಿಕ್ಕಿಬಿದ್ದ ಗೈ ಫಾಕ್ಸ್‌ನ ಕಥೆಗೆ ಬೇಜಾರಿನ ಹುಡುಗನೂ ಕಿವಿ ನಿಮಿರಿಸುವ ಸಂಭವವಿದೆ. ಸಿಡಿಮದ್ದು ಎಲ್ಲಿಂದ ತಂದ, ಪಟಾಕಿಯ ಕೆಂಪು ಬೆಳಕಿಗೆ ಸ್ಟ್ರಾನ್ಷಿಯಂ, ಹಸಿರಿಗೆ ಬೇರಿಯಂ, ನೀಲಿಗೆ ತಾಮ್ರ ಏಕೆ ಬೇಕು ಎಂದು ಹುಡುಕುತ್ತ ಅವನು ಮೈನ್‌ಕ್ರಾಫ್ಟಿನಲ್ಲಿ ಹಳೆಯ ಸಂಸತ್ ಭವನವನ್ನು ನೆಲಮಾಳಿಗೆ ಸಮೇತ ಕಟ್ಟಲು ತೊಡಗಿದರೆ, ಶಾಲೆಯ ಗುಂಗು ಬಿಡುತ್ತಿದೆ ಎಂದರ್ಥ. ತೊಡಗದೆಯೂ ಇರಬಹುದು. ಆಗ ನವೆಂಬರ್ ತನಕ ಕಾಯಬೇಕು.

ಇಷ್ಟಾದ ಮೇಲೆ ದಾಖಲೆ. ಸ್ಥಳೀಯ ಆಡಳಿತದಿಂದ ವರ್ಷಕ್ಕೊಮ್ಮೆ ವಿಚಾರಣೆಯ ಪತ್ರ ಬರುವುದು ಸಾಮಾನ್ಯ, ಹಾಗಾಗಿ ಹಲವು ಕುಟುಂಬಗಳು ದಿನಚರಿ ಇಡುತ್ತವೆ. ಶಾಲೆಯ ಶಿಕ್ಷಕರು ಕಲಿಸುವ ಮೊದಲು ಪಾಠಯೋಜನೆ ಬರೆಯುತ್ತಾರೆ. ಇಲ್ಲಿ ಎಲ್ಲ ನಡೆದ ಮೇಲೆ ಬರೆಯುತ್ತಾರೆ. ಫೋಟೊ, ಗ್ರಂಥಾಲಯದ ಚೀಟಿ, ಮಗು ಬಿಡಿಸಿದ ಚಿತ್ರ, ಕೇಳಿದ ಪ್ರಶ್ನೆ ಎಲ್ಲವನ್ನೂ ತಿಂಗಳ ಕೊನೆಯಲ್ಲಿ ಒಟ್ಟುಮಾಡಿ ನೋಡಿದಾಗ ಸಸ್ಯಶಾಸ್ತ್ರ, ಇತಿಹಾಸ, ಖಗೋಳ, ರಸಾಯನಶಾಸ್ತ್ರ ಎಂಬ ಶೀರ್ಷಿಕೆಗಳು ಸಿಗುತ್ತವೆ. ಸಿಗದ ಶೀರ್ಷಿಕೆಗಳೂ ಎದ್ದು ಕಾಣುತ್ತವೆ. ಉದ್ದ ಭಾಗಾಕಾರ, ಬೀಜಗಣಿತ, ವ್ಯಾಕರಣ ಸೇಬಿನ ಮರದಿಂದ ತಾವಾಗಿ ಉದುರುವುದಿಲ್ಲ. ಕಟ್ಟಾ ಅನುಯಾಯಿಗಳು ಅವು ಬೇಕಾದಾಗ ಮಗುವೇ ಕೇಳುತ್ತದೆ ಎನ್ನುತ್ತಾರೆ. ಅನೇಕ ಮನೆಗಳು ಸದ್ದಿಲ್ಲದೆ ರಾಜಿ ಮಾಡಿಕೊಂಡು ದಿನಕ್ಕೆ ಅರ್ಧ ಗಂಟೆ ಗಣಿತ ಹಾಕಿಕೊಳ್ಳುತ್ತವೆ. ಅದೇನೂ ತಪ್ಪಲ್ಲ, ಸಿದ್ಧಾಂತದ ಶುದ್ಧಿಗಿಂತ ಮಗು ಮುಖ್ಯ.

ಈ ಕಲಿಕೆಯ ಬಗ್ಗೆ ಸಂಶೋಧನೆ ಹೆಚ್ಚಿಲ್ಲ, ಇರುವುದೂ ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಮನೋವಿಜ್ಞಾನಿ ಅಲನ್ ಥಾಮಸ್ ಬ್ರಿಟನ್ ಮತ್ತು ಆಸ್ಟ್ರೇಲಿಯಾದ ನೂರು ಕುಟುಂಬಗಳನ್ನು ಅಧ್ಯಯನ ಮಾಡಿ 1998ರಲ್ಲಿ ಪುಸ್ತಕ ಬರೆದರು. ವೇಳಾಪಟ್ಟಿ ಹಿಡಿದು ಆರಂಭಿಸಿದ ಎಷ್ಟೋ ಮನೆಗಳು ಕ್ರಮೇಣ ಅದನ್ನು ಸಡಿಲಿಸಿ ಮಾತುಕತೆಯ ಕಲಿಕೆಗೆ ಹೊರಳಿದ್ದನ್ನು ಅವರು ಕಂಡರು. ಎಂಟು, ಒಂಬತ್ತು ವರ್ಷವಾದರೂ ಓದಲು ಬಾರದ ಮಕ್ಕಳು ಒಮ್ಮೆ ಹಿಡಿದ ಮೇಲೆ ಬೇಗ ಸರಿಸಮಕ್ಕೆ ಬಂದ ನಿದರ್ಶನಗಳೂ ಅವರಿಗೆ ಸಿಕ್ಕವು. ಮಗುವಿಗೆ ಡಿಸ್ಲೆಕ್ಸಿಯಾ ಎಂಬ ಓದಿನ ತೊಡಕು ಇದ್ದರೆ ಮಾತ್ರ ಸುಮ್ಮನೆ ಕಾಯುವುದು ಅಪಾಯ. ಕೆನಡಾದಲ್ಲಿ ಸಾಂಡ್ರಾ ಮಾರ್ಟಿನ್-ಚಾಂಗ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಫಲ ಬೇರೆಯೇ: ಐದರಿಂದ ಹತ್ತು ವರ್ಷದ ಮಕ್ಕಳಲ್ಲಿ ಕ್ರಮಬದ್ಧ ಮನೆಶಿಕ್ಷಣ ಪಡೆದವರು ಶಾಲಾ ಮಕ್ಕಳಿಗಿಂತ ಮುಂದಿದ್ದರು, ಕ್ರಮವಿಲ್ಲದೆ ಕಲಿತವರು ಎಲ್ಲರಿಗಿಂತ ಹಿಂದಿದ್ದರು. ಆದರೆ ಆ ಕೊನೆಯ ಗುಂಪಿನಲ್ಲಿ ಇದ್ದವರು ಹನ್ನೆರಡೇ ಮಕ್ಕಳು. ಅಮೆರಿಕದ ಪೀಟರ್ ಗ್ರೇ ಮತ್ತು ಜೀನಾ ರೈಲಿ ಹೀಗೆ ಬೆಳೆದ 75 ಮಂದಿ ವಯಸ್ಕರನ್ನು ಪ್ರಶ್ನಿಸಿದಾಗ ಹೆಚ್ಚಿನವರು ಮುಂದೆ ಯಾವುದಾದರೂ ಉನ್ನತ ಶಿಕ್ಷಣಕ್ಕೆ ಹೋಗಿದ್ದರು, ಬಹುತೇಕರು ತೃಪ್ತರಾಗಿದ್ದರು. ಆದರೆ ಅವರೆಲ್ಲ ತಾವಾಗಿ ಮುಂದೆ ಬಂದು ಉತ್ತರಿಸಿದವರು. ನೊಂದವರು ಅಂಥ ಸಮೀಕ್ಷೆಗೆ ಸುಲಭವಾಗಿ ಸಿಗುವುದಿಲ್ಲ.

ಖರ್ಚಿನ ಮಾತನ್ನು ಈ ಶಿಕ್ಷಣದ ಹೊಗಳಿಕೆಗಳಲ್ಲಿ ಮರೆಮಾಚುವುದೇ ಹೆಚ್ಚು. ಒಬ್ಬರ ಸಂಬಳ, ಸಾಮಾನ್ಯವಾಗಿ ತಾಯಿಯದು, ಪೂರ್ತಿಯೋ ಅರ್ಧವೋ ನಿಲ್ಲುತ್ತದೆ. ಹದಿನಾರರ ಹೊತ್ತಿಗೆ ಜಿಸಿಎಸ್‌ಇ ಪರೀಕ್ಷೆ ಬೇಕೆನಿಸಿದರೆ ಖಾಸಗಿ ಅಭ್ಯರ್ಥಿಯಾಗಿ ಕಟ್ಟಬೇಕು, ಶುಲ್ಕ ಮನೆಯವರದೇ.

ಇನ್ನೂ ಗಂಭೀರವಾದ ಆಕ್ಷೇಪ ಮಕ್ಕಳ ಸುರಕ್ಷೆಯದು. 2024ರ ಶರತ್ಕಾಲದ ಗಣತಿಯ ದಿನ ಇಂಗ್ಲೆಂಡಿನಲ್ಲಿ ಸುಮಾರು 1,11,700 ಮಕ್ಕಳು ಮನೆಶಿಕ್ಷಣದಲ್ಲಿದ್ದರು. ಹಿಂದಿನ ವರ್ಷ ಇದೇ ಸಂಖ್ಯೆ ಸುಮಾರು 92,000. ಎಲ್ಲರೂ ಮನಸ್ಸೊಪ್ಪಿ ಬಂದವರಲ್ಲ. ಮಗುವಿನ ಮಾನಸಿಕ ಆರೋಗ್ಯ ಕೆಟ್ಟು, ಶಾಲೆಯಲ್ಲಿ ನೆರವು ಸಿಗದೆ ಬೇಸತ್ತು ಬಂದವರೂ ಇದ್ದಾರೆ. 2023ರಲ್ಲಿ ವೋಕಿಂಗ್ ಪಟ್ಟಣದಲ್ಲಿ ಶಾಲೆ ಬಿಡಿಸಿದ್ದ ಹತ್ತು ವರ್ಷದ ಬಾಲಕಿಯೊಬ್ಬಳು ಮನೆಯವರ ಹಿಂಸೆಗೆ ಬಲಿಯಾದಾಗ ದೇಶವೇ ನಡುಗಿತು. ಶಾಲೆಗೆ ಹೋಗದ ಮಕ್ಕಳ ಕಡ್ಡಾಯ ನೋಂದಣಿಯನ್ನೂ, ರಕ್ಷಣಾ ವಿಚಾರಣೆಯಲ್ಲಿರುವ ಮಗುವನ್ನು ಶಾಲೆ ಬಿಡಿಸಲು ಒಪ್ಪಿಗೆಯನ್ನೂ ಬೇಡುವ ಮಸೂದೆಯನ್ನು 2024ರ ಡಿಸೆಂಬರಿನಲ್ಲಿ ಸರ್ಕಾರ ಮಂಡಿಸಿತು. ಮನೆಶಿಕ್ಷಣದ ಅನೇಕರು ಇದನ್ನು ಅನುಮಾನದ ಕಣ್ಣೆಂದು ವಿರೋಧಿಸಿದರು. ಆದರೂ ಮಗು ಎಲ್ಲಿದೆ ಎಂಬಷ್ಟನ್ನು ಆಡಳಿತಕ್ಕೆ ತಿಳಿಸುವುದು ಸ್ವಾತಂತ್ರ್ಯಕ್ಕೆ ತೆರಬೇಕಾದ ದುಬಾರಿ ಬೆಲೆ ಎನಿಸುವುದಿಲ್ಲ.

ಕನ್ನಡ ನಾಡಿಗೆ ಈ ಚಿಂತನೆ ತೀರಾ ಹೊರಗಿನದಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ನಾಟಕ, ಪ್ರಕೃತಿಗಳ ನಡುವೆ ಮಕ್ಕಳು ಕಲಿಯುವ ಪ್ರಯೋಗ ನಡೆಸಿದರು, ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಬರೆದರು. ಅವರ ಮಗ, ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರ ಮೊದಲ ಕಲಿಕೆ ಶಾಲೆಯದಲ್ಲ, ಮನೆಯದು. 1972ರಲ್ಲಿ ಡೇವಿಡ್ ಹಾರ್ಸ್‌ಬರೋ ಕೋಲಾರ ಜಿಲ್ಲೆಯಲ್ಲಿ ಆರಂಭಿಸಿದ ನೀಲ್‌ಬಾಗ್ ಒಂದು ಶಾಲೆಯೇ ಆದರೂ ಅಲ್ಲಿ ಪರೀಕ್ಷೆ, ಶಿಕ್ಷೆ ಇರಲಿಲ್ಲ. ಬೇರೆ ಬೇರೆ ವಯಸ್ಸಿನ ಹಳ್ಳಿಯ ಮಕ್ಕಳು ಒಟ್ಟಿಗೆ, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿದ್ದರು. ಈಗ ಬೆಂಗಳೂರಿನಲ್ಲಿ ಮನೆಶಿಕ್ಷಣದ ಕುಟುಂಬಗಳಿವೆ, ಅವು ಉದ್ಯಾನಗಳಲ್ಲಿ ಸೇರುತ್ತವೆ.

ಭಾರತದ ಕಾನೂನು ಮಾತ್ರ ಈ ವಿಷಯದಲ್ಲಿ ಸ್ಪಷ್ಟವಾಗಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14ರ ಮಕ್ಕಳ ಶಿಕ್ಷಣವನ್ನು ಶಾಲೆಯ ಚೌಕಟ್ಟಿನಲ್ಲೇ ಕಾಣುತ್ತದೆ, ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ. ಆದರೆ ಸೇರಿಸದ ಪೋಷಕರಿಗೆ ದಂಡವನ್ನು ಅದು ವಿಧಿಸಿಲ್ಲ. ಮನೆಯಲ್ಲಿ ಕಲಿತವರು ಪ್ರಮಾಣಪತ್ರಕ್ಕಾಗಿ ಹೆಚ್ಚಾಗಿ ಆಶ್ರಯಿಸುವುದು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯನ್ನು. ಹದಿನಾಲ್ಕು ತುಂಬಿದವರು ಅಲ್ಲಿ ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆಗೆ ಹೆಸರು ನೋಂದಾಯಿಸಬಹುದು. ವಿಷಯಗಳನ್ನು ಆರಿಸಿಕೊಳ್ಳಲು, ಒಂದೊಂದಾಗಿ ಪಾಸು ಮಾಡಲು ಅಲ್ಲಿ ಅವಕಾಶವಿದೆ.